ರಾಯದುರ್ಗ–ತುಮಕೂರು ರೈಲುಮಾರ್ಗ: ನಮ್ಮ ಹಳ್ಳಿಗಳ ಲಾಭದ ಲೆಕ್ಕ



1953ರಲ್ಲಿ ಬಳ್ಳಾರಿ ಜಿಲ್ಲೆಯು ಹಂಚಿಹೋದಾಗ ರಾಯದುರ್ಗವು ಆಂಧ್ರಕ್ಕೆ ಸೇರಿತು. ಅನಂತಪುರ ಜಿಲ್ಲೆಯೊಳಗಿದ್ದ ನಮ್ಮ ಮಡಕಶಿರಾ ಅಲ್ಲಿಯೇ ಉಳಿಯಿತು. ಆದರೂ ಪಾವಗಡ, ಮಧುಗಿರಿಗಳೊಡನೆ ನಮ್ಮ ಸಂತೆ, ಸಂಬಂಧಗಳು ನಿಂತಿಲ್ಲ. ಈ ಊರುಗಳನ್ನೆಲ್ಲ ಜೋಡಿಸುವ ಸುಮಾರು 207 ಕಿಲೋಮೀಟರಿನ ರೈಲುಮಾರ್ಗಕ್ಕೆ 2007–08ರಲ್ಲಿ ಮಂಜೂರಾತಿ ದೊರೆಯಿತು. ರಾಯದುರ್ಗದಿಂದ ಕಲ್ಯಾಣದುರ್ಗದ ಮೇಲೆ ಕದಿರಿದೇವರಪಲ್ಲಿಯವರೆಗೆ 63 ಕಿಲೋಮೀಟರು ಮೊದಲು ಸಿದ್ಧವಾಯಿತು. ತುಮಕೂರಿನಿಂದ ಮುಂದೆ ಬೆಂಗಳೂರಿಗೆ ಹಳಿ ಇದ್ದೇ ಇದೆ. ರೈಲು ಬಂದರೆ ಊರು ಉದ್ಧಾರವಾಗುವುದೆಂದು ಎಲ್ಲರೂ ಹೇಳುವರು. ಯಾರಿಗೆ ಲಾಭ, ಹೇಗೆ ಲಾಭ ಎಂಬುದನ್ನು ನಾವು ಇಂದು ವಿಚಾರಿಸೋಣ.

ನೆರೆಯ ಹಿಂದೂಪುರವನ್ನು ನೋಡಿರಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರು–ಗುಂತಕಲ್ಲು ಮಾರ್ಗವು ಅಲ್ಲಿ ಹಾದುದು ಆ ಊರಿನ ಪೇಟೆಗೆ ಬಹಳ ಬಲ ಕೊಟ್ಟಿತು. ನಮ್ಮ ಮರದ ಹುಣಸೆಗೆ ಬೆಲೆ ಕಟ್ಟುವವರು ಇಂದಿಗೂ ಅಲ್ಲಿನ ಮಂಡಿಯವರು.

ರೇಷ್ಮೆಯ ಮಾತು ಇನ್ನೂ ಸೂಕ್ಷ್ಮವಾದುದು. ಗೂಡನ್ನು ಹೆಚ್ಚು ದಿನ ಇಟ್ಟುಕೊಳ್ಳಲಾಗದು; ಚಿಟ್ಟೆ ಕೊರೆದು ಹೊರಬಂದರೆ ನೂಲು ಕೆಟ್ಟಿತು. ಆದುದರಿಂದ ರಾಮನಗರದ ಮಾರುಕಟ್ಟೆಗೆ ಹೊರಟ ರೈತನು ಸಿಕ್ಕ ವಾಹನಕ್ಕೆ ಕೇಳಿದಷ್ಟು ಬಾಡಿಗೆ ತೆರುವನು. ಹರಾಜಿನ ಹೊತ್ತು ಮೀರಿದರೆ ಗೂಡಿನ ತೂಕ ಇಳಿಯುವುದನ್ನು ನೋಡುತ್ತ ಮರುದಿನದವರೆಗೆ ಕೂಡುವನು. ರಾತ್ರಿ ಮಡಕಶಿರಾದಲ್ಲಿ ಮೂಟೆ ಹೇರಿ ಬೆಳಗಿನ ಹರಾಜಿಗೆ ರಾಮನಗರ ಮುಟ್ಟುವಂತಾದರೆ, ಕಿಲೋ ಒಂದಕ್ಕೆ ಹತ್ತು ರೂಪಾಯಿ ಉಳಿಯಿತೆಂದಿಟ್ಟುಕೊಳ್ಳಿ. ನೂರು ಕಿಲೋಗೆ ಸಾವಿರ ರೂಪಾಯಿ ಅವನ ಮನೆಯಲ್ಲಿ ನಿಲ್ಲುವುದು.

ಕಡಲೆಕಾಯಿಯ ವಿಷಯದಲ್ಲಿ ಒಂದು ತೊಡಕುಂಟು. ರೈಲ್ವೆಯವರು ಸರಕನ್ನು ಹೆಚ್ಚಾಗಿ ಇಡೀ ಗೂಡ್ಸ್ ರೈಲಿನ ಲೆಕ್ಕದಲ್ಲಿ ಒಯ್ಯುವರು. ನಲವತ್ತಕ್ಕೆ ಕಡಮೆಯಿಲ್ಲದ ವ್ಯಾಗನುಗಳು, ಎರಡು ಸಾವಿರ ಟನ್ನಿಗೂ ಮೀರಿದ ಭಾರ. ಹತ್ತು ಮೂಟೆಯ ರೈತನಿಗೆ ಇದರಲ್ಲಿ ಸ್ಥಾನವೆಲ್ಲಿ? ಊರೂರಿನ ಫಸಲು ಸಹಕಾರ ಸಂಘದ ಉಗ್ರಾಣದಲ್ಲಿ ಒಟ್ಟುಗೂಡದ ಹೊರತು ಲಾಭವು ದೊಡ್ಡ ವರ್ತಕರದೇ ಸರಿ. 2020ರ ಸೆಪ್ಟೆಂಬರಿನಲ್ಲಿ ಅನಂತಪುರದಿಂದ ಹಣ್ಣು ಹೊತ್ತ ಕಿಸಾನ್ ರೈಲು ದೆಹಲಿಗೆ ಹೊರಟಿತು. ಒಟ್ಟುಗೂಡಿದರೆ ನಮ್ಮ ಸೀಮೆಯ ಬೆಳೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಅದು ನಿದರ್ಶನ.

ವಿಮಾನದ ಮಾತೆತ್ತಿದರೆ ಕೆಲವರು ನಗುವರು. ಹುಣಸೆಯು ವಿಮಾನವೇರದು, ನಿಜ. ಹೂವು, ಎಳೆಯ ತರಕಾರಿ ಏರುವುವು. 2008ರಲ್ಲಿ ತೆರೆದ ದೇವನಹಳ್ಳಿಯ ವಿಮಾನನಿಲ್ದಾಣದ ಬಳಿ 2021ರಲ್ಲಿ ಸಣ್ಣದೊಂದು ರೈಲು ನಿಲುಗಡೆಯೂ ಆಯಿತು. ಪೆನುಕೊಂಡದ ಬಳಿ 2019ರಲ್ಲಿ ಕಾರು ತಯಾರಿಸತೊಡಗಿದ ಕಿಯಾ ಕಾರ್ಖಾನೆಯ ಸ್ಥಳವು ಹೆದ್ದಾರಿ, ರೈಲು, ಈ ವಿಮಾನನಿಲ್ದಾಣ ಮೂರಕ್ಕೂ ಎಟುಕುವಂಥದು. ಅಂಥ ಉದ್ಯೋಗಗಳು ಇತ್ತ ಬಂದರೆ ನಮ್ಮ ಮಕ್ಕಳು ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹುಡುಕುವುದು ತಪ್ಪೀತು.

ನಿಲ್ದಾಣದ ಸುತ್ತ ಹೊಲದ ಬೆಲೆ ಏರುವುದನ್ನು ಮಾತ್ರ ನಾವು ಲಾಭದ ಪಟ್ಟಿಗೆ ಸೇರಿಸೆವು. ಹೊಲ ಮಾರಿದವನ ಮಗ ಅದೇ ನೆಲದಲ್ಲಿ ಕಾವಲುಗಾರನಾದರೆ ಅದು ಯಾವ ಲಾಭ?

ಕೇಳುವುದನ್ನು ಕೆಲಸ ಮುಗಿಯುವ ಮುನ್ನವೇ ಕೇಳಬೇಕು. ಮಡಕಶಿರಾ ನಿಲ್ದಾಣದಲ್ಲಿ ಸರಕು ಹೇರುವ ಕಟ್ಟೆ, ರಾತ್ರಿಯ ಗಾಡಿಗೆ ಪಾರ್ಸೆಲ್ ಡಬ್ಬಿ, ಕಾಲೇಜಿನ ಹೊತ್ತಿಗೆ ತುಮಕೂರು ಮುಟ್ಟುವ ಬೆಳಗಿನ ಗಾಡಿ, ಫಲಕಗಳಲ್ಲಿ ತೆಲುಗಿನೊಡನೆ ಕನ್ನಡ. ಇವಿಷ್ಟನ್ನು ಬರೆದ ಮನವಿಯು ಶಾಲೆಯ ಜಗಲಿಯ ಮೇಲಿದೆ. ತಾವು ಸಹಿ ಮಾಡಿ, ತೆಲುಗು ನೆರೆಯವರಿಂದಲೂ ಮಾಡಿಸಿರಿ. ಅವರ ಹುಣಸೆಯೂ ಅದೇ ಗಾಡಿಗೆ ಬರುವುದು.