ಹೊಟ್ಟೆಯೊಳಗಿನ ಪಾಪು ಉಚ್ಚೆ ಹೊಯ್ಯುತ್ತದೆಯೇ?

ಹೊಯ್ಯುತ್ತದೆ ಮಕ್ಕಳೇ! ಮೂರನೇ ತಿಂಗಳಲ್ಲೇ ಅದರ ಪುಟ್ಟ ಮೂತ್ರಪಿಂಡಗಳು ಕೆಲಸ ಶುರುಮಾಡುತ್ತವೆ. ಐದನೇ ತಿಂಗಳ ಹೊತ್ತಿಗೆ ಪಾಪು ತೇಲುವ ಗರ್ಭಜಲದಲ್ಲಿ ಬಹುಪಾಲು ಅದರದೇ ಮೂತ್ರ. ಪಾಪು ಅದನ್ನೇ ಗುಟುಕರಿಸುತ್ತದೆ, ಮತ್ತೆ ಹೊಯ್ಯುತ್ತದೆ. ಇಶ್ಶಿ ಅನ್ನಬೇಡಿ. ಪಾಪುವಿನ ರಕ್ತದ ಕೊಳೆಯನ್ನು ಆಗ ಮಾಸು (ಪ್ಲಾಸೆಂಟಾ) ಅಮ್ಮನ ರಕ್ತಕ್ಕೆ ದಾಟಿಸಿಬಿಡುತ್ತದೆ. ಹಾಗಾಗಿ ಆ ಮೂತ್ರ ಹೆಚ್ಚುಕಡಿಮೆ ನೀರೇ.

ಈ ನೀರು ಸಾಕಷ್ಟಿದ್ದರೆ ಮಾತ್ರ ಪಾಪುವಿನ ಶ್ವಾಸಕೋಶ ಹಿಗ್ಗಿ ಬೆಳೆಯುತ್ತದೆ, ಕೈಕಾಲು ಆಡಿಸಲು ಜಾಗ ಸಿಗುತ್ತದೆ. ತೀರಾ ಅಪರೂಪಕ್ಕೆ ಎರಡೂ ಮೂತ್ರಪಿಂಡ ಮೂಡುವುದೇ ಇಲ್ಲ. ಆಗ ನೀರು ಬತ್ತಿ, ಶ್ವಾಸಕೋಶ ಪುಟ್ಟದಾಗಿಯೇ ಉಳಿಯುತ್ತದೆ. ಅಂಥ ಕೂಸು ಬದುಕುವುದು ಬಹಳ ಕಷ್ಟ. ಇದನ್ನು 1946ರಲ್ಲಿ ವಿವರವಾಗಿ ಬರೆದವರು ಅಮೆರಿಕದ ವೈದ್ಯೆ ಈಡಿತ್ ಪಾಟರ್.

ಒಂದೇ ಮೂತ್ರಪಿಂಡದೊಂದಿಗೆ ಹುಟ್ಟುವವರು ಸಾವಿರಕ್ಕೆ ಸುಮಾರು ಒಬ್ಬರು. ಆ ಒಂದೇ ಸ್ವಲ್ಪ ದೊಡ್ಡದಾಗಿ ಎರಡರ ಕೆಲಸ ಮಾಡುತ್ತದೆ. ಎಷ್ಟೋ ಜನರಿಗೆ ಅದು ಗೊತ್ತೇ ಇರುವುದಿಲ್ಲ, ಓಡಿ ಆಡಿ ಬೆಳೆದಿರುತ್ತಾರೆ.

ಉತ್ತರ ಕನ್ನಡದ ಬಾಡ ಊರಿನ ಮಕ್ಕಳು ಅಘನಾಶಿನಿ ಹೊಳೆಯಂಚಿನ ಗಜನಿ ಗದ್ದೆ ನೋಡಿರುತ್ತೀರಿ. ಕಟ್ಟೆಯ ಹಲಗೆಬಾಗಿಲು ಸಿಕ್ಕಿಕೊಂಡರೆ ನೀರು ಹೊಳೆಗೆ ಇಳಿಯದೆ ಗದ್ದೆಯಲ್ಲೇ ನಿಂತುಬಿಡುತ್ತದೆ. ಕೆಲವು ಗಂಡುಕೂಸುಗಳ ಮೂತ್ರನಾಳದಲ್ಲೂ ತೆಳು ಪೊರೆಯೊಂದು ಹೀಗೇ ಅಡ್ಡ ಬರುತ್ತದೆ. ಮೂತ್ರಚೀಲ ಉಬ್ಬುತ್ತದೆ, ನೀರಿನ ಒತ್ತಡ ಮೇಲೇರಿ ಮೂತ್ರಪಿಂಡಗಳೂ ಊದಿಕೊಳ್ಳುತ್ತವೆ. ಐದನೇ ತಿಂಗಳ ಸ್ಕ್ಯಾನಿನಲ್ಲಿ ಕೆಲವೊಮ್ಮೆ ಇದು ಕಾಣುತ್ತದೆ. ಹುಟ್ಟಿದ ಮೇಲೆ ವೈದ್ಯರು ಸಣ್ಣ ಕೊಳವೆ ತೂರಿಸಿ ಆ ಪೊರೆಯನ್ನು ಬಿಡಿಸುತ್ತಾರೆ. ಹೊಟ್ಟೆಯೊಳಗಿದ್ದಾಗಲೇ ಮೂತ್ರಪಿಂಡ ಸೊರಗಿರಬಹುದಾದ್ದರಿಂದ ಮುಂದೆಯೂ ಬಹಳ ವರ್ಷ ತಪಾಸಣೆ ಬೇಕಾಗುತ್ತದೆ.

ಈ ಚಿಕಿತ್ಸೆಗೆ, ತಪಾಸಣೆಗೆ ನಮ್ಮ ಕಡೆಯವರು ಹೆಚ್ಚಾಗಿ ಮಣಿಪಾಲಕ್ಕೋ ಮಂಗಳೂರಿಗೋ ಹೋಗುತ್ತಾರೆ. ಮಣಿಪಾಲವೇ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಎಳೆಕೂಸನ್ನು ಎತ್ತಿಕೊಂಡು ಅಷ್ಟು ದೂರ ಹೋಗಿಬರುವುದು ಸುಲಭವೇ? ದೊಡ್ಡಾಸ್ಪತ್ರೆ ಜಿಲ್ಲೆಯಲ್ಲೇ ಬೇಕೆಂದು 2022ರಲ್ಲಿ ಉತ್ತರ ಕನ್ನಡದ ಜನ ದನಿಯೆತ್ತಿದ್ದು ಸರಿಯಾಗಿಯೇ ಇತ್ತು.

ಮೂತ್ರಪಿಂಡದ ತೊಂದರೆಯಿರುವ ಕೂಸು ಹುಟ್ಟಿದರೆ "ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಕ್ಕೇ ಹೀಗಾಯ್ತು" ಎಂದು ಯಾರಾದರೂ ಅಂದಾರು. ಅದು ಸುಳ್ಳು, ಗ್ರಹಣಕ್ಕೂ ಮೂತ್ರಪಿಂಡಕ್ಕೂ ಸಂಬಂಧವೇ ಇಲ್ಲ. ಆದರೆ ಕೆಲವು ನೋವಿನ ಮಾತ್ರೆಗಳು ಪಾಪುವಿನ ಮೂತ್ರವನ್ನು ನಿಜಕ್ಕೂ ಕಡಿಮೆ ಮಾಡುತ್ತವೆ. ಬಸುರಿ ಅಮ್ಮನೋ ಚಿಕ್ಕಮ್ಮನೋ ಬೆನ್ನುನೋವಿಗೆ ಅಂಗಡಿಯಿಂದ ಮಾತ್ರೆ ತರಲು ಹೇಳಿದರೆ, "ಡಾಕ್ಟರನ್ನು ಕೇಳಿದ್ಯಾ?" ಎಂದು ಮೊದಲು ಕೇಳಿ.