ಬಯಲಿನ ಸ್ಮಾರಕವು ಯಾರ ಸೊತ್ತು?
(ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ಊರ ಹೊರಗೆ, ಕೆರೆಯ ಏರಿಯ ಮೇಲೆ ನಿಂತ ವೀರಗಲ್ಲನ್ನು ಕಾಣದ ಕನ್ನಡಿಗನು ವಿರಳ. ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ: ಇದು ಅಕ್ಷರ ಬಾರದವನೂ ಓದಬಲ್ಲ ಬರಹ. ಬಯಲಲ್ಲಿ ನಿಂತ ಇಂಥ ಸ್ಮಾರಕವು ಯಾರ ಸೊತ್ತು? ನಿಲ್ಲಿಸಿದ ಜನರದೋ, ಕೊಂಡವನದೋ, ಕಾಯ್ದಿಟ್ಟವನದೋ? ಈ ಪ್ರಶ್ನೆಗೆ ದೂರದ ಒಂದು ಜನಾಂಗದ ಅನುಭವವು ನಮಗೆ ದಾರಿ ತೋರಿಸುವದು.

ಕೆನಡಾ ದೇಶದ ಪಶ್ಚಿಮ ಕರಾವಳಿಯಲ್ಲಿ ನಾಸ್ ನದಿಯ ಕಣಿವೆಯುಂಟು. ಅಲ್ಲಿಯ ನಿಸ್ಗಾ ಜನರು 19ನೆಯ ಶತಮಾನದ ನಡುವಿನಲ್ಲಿ, ಕಾಳಗದಲ್ಲಿ ಮಡಿದ ತಮ್ಮ ವೀರನೊಬ್ಬನ ನೆನಪಿಗಾಗಿ ಸುಮಾರು 11 ಮೀಟರು ಎತ್ತರದ ಸೀಡರ್ ಮರದ ಕಂಬವನ್ನು ಕೆತ್ತಿ ನಿಲ್ಲಿಸಿದರು. ಅದರ ಮೇಲೆ ಮನೆತನದ ಲಾಂಛನಗಳುಂಟು, ಅಕ್ಷರಗಳಿಲ್ಲ. ಅದರ ಕಥೆಯು ಆ ಮನೆತನದ ಹಿರಿಯರ ಬಾಯಲ್ಲಿ ಬದುಕುವದು. ಔತಣ-ದಾನಗಳ ಉತ್ಸವದಲ್ಲಿ ಅದನ್ನು ಎಲ್ಲರೆದುರು ಸಾರುವದು ಆ ಕರಾವಳಿಯ ಸಂಪ್ರದಾಯ.

ಸರಕಾರವು 1884ರಲ್ಲಿ ಆ ಉತ್ಸವವನ್ನೇ ಕಾಯಿದೆಯಿಂದ ನಿಷೇಧಿಸಿತು. 1951ರ ವರೆಗೆ ಆ ನಿರ್ಬಂಧವು ಉಳಿಯಿತು. ಉತ್ಸವವು ಅಪರಾಧ, ಕಂಬವು ಮಾತ್ರ ಕಲಾಕೃತಿ! ಜನರ ಬಾಯಿ ಕಟ್ಟಿ ಅವರ ಕೆತ್ತನೆಯನ್ನು ಕೊಂಡಾಡುವದು ಗೌರವವೆನಿಸೀತೆ? 1929ರಲ್ಲಿ ಮಾರಿಯಸ್ ಬಾರ್ಬೋ ಎಂಬ ವಿದ್ವಾಂಸನು, ಜನರು ಹಳ್ಳಿಯಲ್ಲಿಲ್ಲದ ವೇಳೆಯಲ್ಲಿ, ಆ ಕಂಬವನ್ನು ಸಾಗಿಸಿ ಎಡಿನ್‌ಬರೋದ ವಸ್ತುಸಂಗ್ರಹಾಲಯಕ್ಕೆ ಮಾರಿದನು. 2022ರಲ್ಲಿ ನಿಸ್ಗಾ ಪ್ರತಿನಿಧಿಗಳು ಅಲ್ಲಿಗೆ ಹೋಗಿ ತಮ್ಮ ಹಕ್ಕನ್ನು ಮಂಡಿಸಿದರು. ಮೊದಲು ಮಾರಿದವನಿಗೆ ಆ ಅಧಿಕಾರವಿರಲಿಲ್ಲವೆಂಬುದನ್ನು ಸಂಗ್ರಹಾಲಯವು ಒಪ್ಪಿತು. 2023ರ ಸಪ್ಟೆಂಬರದಲ್ಲಿ ಕಂಬವು ತನ್ನ ಕಣಿವೆಗೆ ಮರಳಿತು.

ಸಂಗ್ರಹಾಲಯವು ಕಾಯ್ದಿಡದಿದ್ದರೆ ಅದು ಕೊಳೆತುಹೋಗುತ್ತಿತ್ತೆಂದು ಕೆಲವರು ಆಕ್ಷೇಪಿಸುವರು. ಆ ಕರಾವಳಿಯಲ್ಲಿ ಹಳೆಯ ಕಂಬವು ಬಿದ್ದು ಮಣ್ಣಾಗುವದು ಸಹಜಕ್ರಮವೇ ಆಗಿದೆ. ಉಳಿಸುವದೋ ಬಿಡುವದೋ ಎಂಬ ತೀರ್ಮಾನವು ನಿಲ್ಲಿಸಿದವರದು.

ಇನ್ನು ನಮ್ಮ ಮನೆಯನ್ನು ನೋಡಿಕೊಳ್ಳೋಣ. ಕ್ರಿ. ಶ. 950ರ ಸುಮಾರಿನ ಆತಕೂರಿನ ಕಲ್ಲು, ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯ ಸ್ಮಾರಕ. ಅದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯವನ್ನು ಸೇರಿದ್ದರೂ ತನ್ನ ಊರನ್ನೂ ಕಥೆಯನ್ನೂ ಕನ್ನಡದಲ್ಲಿ ತಾನೇ ಹೇಳಿಕೊಳ್ಳುವದು. ಆದರೆ ಬರಹವಿಲ್ಲದ ವೀರಗಲ್ಲುಗಳು ಅನೇಕ. ಅವು ನಿಸ್ಗಾ ಕಂಬದಂತೆಯೇ ಊರವರ ಬಾಯಿಂದ ಮಾತನಾಡುವವು. ಅಂಥ ಕಲ್ಲನ್ನು ಕಿತ್ತು ಶ್ರೀಮಂತನ ತೋಟದಲ್ಲಿ ನಿಲ್ಲಿಸಿದರೆ ವೀರನು ಹೆಸರಿಲ್ಲದವನಾಗುವನು. ಅದನ್ನು ಬಟ್ಟೆ ಒಗೆಯುವ ಕಲ್ಲಾಗಿಸಿದರೆ ಆ ಅಪರಾಧವು ನಮ್ಮದೇ; ಪರರನ್ನು ದೂರಲು ನಮಗೆ ಬಾಯಿಲ್ಲ.

ಆದುದರಿಂದ, ಉಪಾಧ್ಯಾಯ ಬಂಧುಗಳೆ, ನಿಮ್ಮ ಶಿಷ್ಯರನ್ನು ಊರ ವೀರಗಲ್ಲಿನ ಬಳಿಗೆ ಕರೆದೊಯ್ಯಿರಿ. ಹಿರಿಯರು ಹೇಳುವ ಕಥೆಯನ್ನೂ ಕಲ್ಲು ನಿಂತ ಸ್ಥಳವನ್ನೂ ಬರೆಯಿಸಿ ಶಾಲೆಯಲ್ಲಿ ಇಡಿರಿ. ಊರ ಒಪ್ಪಿಗೆಯಿಲ್ಲದೆ ಕಲ್ಲು ಕದಲದಿರಲಿ. ಇಷ್ಟನ್ನು ಮಾಡಲು ಹಣವೂ ಬೇಡ, ಸರಕಾರದ ಅಪ್ಪಣೆಯೂ ಬೇಡ.