ಊರಿನ ಯೋಜನೆ ನಮ್ಮ ಸಂಘದಿಂದಲೇ ಶುರುವಾಗಲಿ
(ಸ್ವಸಹಾಯ ಸಂಘಗಳ ಸದಸ್ಯೆಯರ ತರಬೇತಿಯಲ್ಲಿ ಆಡಿದ ಮಾತುಗಳು)



ಉಳಿತಾಯ ಮಾಡೋದು, ಸಾಲ ಕೊಡೋದು, ಪುಸ್ತಕ ಬರೆಯೋದು ನಮಗೆಲ್ಲ ಈಗ ರೂಢಿಯಾದ ಕೆಲಸ. ಆದರೆ ಒಂದು ವಿಷಯ ಯೋಚನೆ ಮಾಡೋಣ. ಸಂಘದ ಸಾಲದಿಂದ ಹಸು ತರುತ್ತೇವೆ. ಡೈರಿಗೆ ಹೋಗುವ ದಾರಿ ಮಳೆಗಾಲದಲ್ಲಿ ಕೆಸರಾದರೆ ಹಾಲು ಹೊತ್ತಿಗೆ ಸರಿಯಾಗಿ ಮುಟ್ಟೋದಿಲ್ಲ. ಸಾಲದ ಕಂತು ಮಾತ್ರ ಕಟ್ಟಲೇಬೇಕು! ಆ ದಾರಿಯನ್ನು ಸಂಘದ ಸಾಲದಿಂದ ಮಾಡಿಸಲಿಕ್ಕೆ ಆಗದು. ಅದು ಪಂಚಾಯಿತಿಯ ಯೋಜನೆಯಲ್ಲಿ ಸೇರಬೇಕು.

ಇದು ಯಾರೋ ಕೊಡುವ ಭಿಕ್ಷೆಯಲ್ಲ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯಲ್ಲಿ, ಆರ್ಥಿಕ ಅಭಿವೃದ್ಧಿ ಮತ್ತು ಸಾಮಾಜಿಕ ನ್ಯಾಯಕ್ಕೆ ಪಂಚಾಯಿತಿಗಳೇ ಯೋಜನೆ ಮಾಡಬೇಕೆಂಬ ಆಶಯವಿದೆ. 2018ರ ಅಕ್ಟೋಬರ್ 2ರಿಂದ ಇದಕ್ಕಾಗಿಯೇ ದೇಶದಾದ್ಯಂತ ಜನರ ಯೋಜನಾ ಅಭಿಯಾನ ಶುರುವಾಯಿತು. ಸ್ವಸಹಾಯ ಸಂಘಗಳು ತಮ್ಮ ಬೇಡಿಕೆಗಳನ್ನು ಪಟ್ಟಿ ಮಾಡಿ ಗ್ರಾಮಸಭೆಗೆ ಕೊಡಲು ಅವಕಾಶವಿದೆ.

ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಪಂಚಾಯಿತಿಗೆ ಬರುವ ಹಣವೆಲ್ಲ ಮನಸ್ಸಿಗೆ ಬಂದಂತೆ ಖರ್ಚು ಮಾಡುವ ಹಣವಲ್ಲ. 2021-22ರಿಂದ 2025-26ರವರೆಗಿನ 15ನೇ ಹಣಕಾಸು ಆಯೋಗದ ಅನುದಾನವನ್ನೇ ನೋಡಿ. ಅದರಲ್ಲಿ ಪ್ರತಿ 100 ರೂಪಾಯಿಗೆ 60 ರೂಪಾಯಿ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ 40ರಲ್ಲಿ ಊರಿನ ಬೇರೆ ಅಗತ್ಯಗಳು. ಆದ್ದರಿಂದ ಯಾವ ಲೆಕ್ಕದಲ್ಲಿ ಎಷ್ಟು ಹಣವಿದೆ ಎಂದು ಪಿಡಿಒ ಅವರನ್ನು ಮೊದಲೇ ಕೇಳಿ ತಿಳಿಯೋಣ.

ಹಾಗಾದರೆ ನಾವು ಮಾಡಬೇಕಾದದ್ದೇನು?

1. ಸಂಘದ ಸಭೆಯಲ್ಲಿ ಕುಳಿತು ನೆಲದ ಮೇಲೆ ಊರಿನ ನಕ್ಷೆ ಬರೆಯೋಣ. ನೀರು, ದಾರಿ, ಸಂತೆ, ಡೈರಿ, ಗೋಮಾಳ ಎಲ್ಲವನ್ನೂ ಗುರುತಿಸೋಣ.

2. ಬೇಡಿಕೆಗಳನ್ನು ಮೂರು ಭಾಗ ಮಾಡೋಣ. ಹಸು, ಹೊಲಿಗೆ ಯಂತ್ರದಂಥವು ಸಂಘ ಅಥವಾ ಬ್ಯಾಂಕಿನ ಸಾಲಕ್ಕೆ. ದಾರಿ, ದನದ ನೀರಿನ ತೊಟ್ಟಿ, ಸಂತೆಕಟ್ಟೆಯಂಥವು ಪಂಚಾಯಿತಿಗೆ. ತರಬೇತಿ, ಬಿತ್ತನೆ ಬೀಜದಂಥವು ಇಲಾಖೆಗಳಿಗೆ.

3. ಎಲ್ಲರಿಗೂ ಐದೈದು ಹುಣಸೆ ಬೀಜ ಕೊಡೋಣ. ಯಾವುದು ಮೊದಲು ಬೇಕೋ ಅದರ ಮುಂದೆ ಇಡಲಿ. ಓದು ಬಾರದವರೂ ಹೀಗೆ ತಮ್ಮ ಮನಸ್ಸು ತಿಳಿಸಬಹುದು.

4. ಮೊದಲ ಮೂರು ಬೇಡಿಕೆಗಳನ್ನು ನಿರ್ಣಯ ಪುಸ್ತಕದಲ್ಲಿ ಬರೆದು, ವಾರ್ಡ್ ಸಭೆಗೂ ಗ್ರಾಮಸಭೆಗೂ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯೋಣ. ಸಭೆಯ ನಡಾವಳಿಯಲ್ಲಿ ಬರೆದರೋ ಇಲ್ಲವೋ, ಕ್ರಿಯಾ ಯೋಜನೆಯಲ್ಲಿ ಸೇರಿತೋ ಇಲ್ಲವೋ ನೋಡೋಣ. ಸೇರದಿದ್ದರೆ ಕಾರಣ ಕೇಳೋಣ.

ಇನ್ನೊಂದು ಮಾತು. ಕೂಲಿಗೆ ಹೋಗುವ ಅಕ್ಕ, ಜಮೀನಿಲ್ಲದ ವಿಧವೆ, ಅಂಗವಿಕಲ ಮಗುವಿನ ತಾಯಿ – ಇವರು ಹಗಲು ಸಭೆಗೆ ಬರಲಾರರು. ಇವರಿಲ್ಲದೆ ಮಾಡಿದ ಪಟ್ಟಿ ಉಳ್ಳವರ ಪಟ್ಟಿಯಾಗುತ್ತದೆ. ಅದಕ್ಕೇ ಸಂಜೆ ಸೇರೋಣ. ಬಾರದವರ ಮನೆಗೆ ನಾವೇ ಹೋಗಿ ಕೇಳೋಣ.

ಗ್ರಾಮಸಭೆಗೆ ಹೋಗಿ ಸಹಿ ಹಾಕಿ ಬಂದರೆ ಭಾಗವಹಿಸಿದಂತಲ್ಲ. ಒಬ್ಬಳೇ ಎದ್ದು ಮಾತಾಡಲು ಹೆದರಿಕೆ ಆಗುತ್ತದೆ, ನಿಜ. ಹತ್ತು ಸಂಘಗಳು ಒಂದೇ ಪಟ್ಟಿ ಹಿಡಿದು ಒಟ್ಟಿಗೆ ಕುಳಿತರೆ? ಆಗ ಕೇಳದಿರಲು ಯಾರಿಗೂ ಸುಲಭವಲ್ಲ. ಮುಂದಿನ ವಾರದ ಸಭೆಯಲ್ಲೇ ನಕ್ಷೆ ಬರೆಯಲು ಶುರು ಮಾಡೋಣ.